ಕುದುರೆಯ ಎಡಬದಿ

ಕುದುರೆ ಕೊಳ್ಳುವಾಗ ಏನೇನು ನೋಡಬೇಕು ಎಂದು ಈಗ ಯಾರೂ ನನ್ನನ್ನು ಕೇಳುವುದಿಲ್ಲ. ಮೊಮ್ಮಕ್ಕಳು ಸ್ಕೂಟರ್ ಕೊಳ್ಳುವಾಗ ಅದಕ್ಕೊಂದು ಸುತ್ತು ಬಂದು, ಹಾರನ್ ಒತ್ತಿ ನೋಡಿ, ನನಗೊಂದು ನಮಸ್ಕಾರ ಹಾಕಿ ಹೊರಟುಬಿಡುತ್ತಾರೆ. ಆದರೂ ಆ ವಿದ್ಯೆ ನನ್ನ ತಲೆಯಲ್ಲಿ ಹಾಗೇ ಕೂತಿದೆ. ಕಡಿಮೆ ಬೆಲೆಗೆ ಸಿಗುವ, ಇನ್ನೂ ಏನೂ ಕಲಿಯದ ಎಳೆಯ ಕುದುರೆಯಾದರೆ ಹೇಳದೆ ಕೇಳದೆ ಹೋಗಿ ನೋಡಬೇಕು. ಮೊದಲೇ ಸುದ್ದಿ ಕಳಿಸಿದರೆ ಮಾರುವವನು ಬೆಳಿಗ್ಗೆ ಅದನ್ನು ಗದ್ದೆಯಲ್ಲಿ ಓಡಿಸಿ ಸುಸ್ತು ಮಾಡಿ, ಮೈ ತೊಳೆದು, ಸನ್ಯಾಸಿಯ ಹಾಗೆ ನಿಲ್ಲಿಸಿರುತ್ತಾನೆ. ಕಣ್ಣಿನ ಬಳಿ ಕೈಯಾಡಿಸಬೇಕು. ಹಿಂದಿನಿಂದ ಚಪ್ಪಾಳೆ ತಟ್ಟಿ ಕಿವಿ ಆಡುತ್ತದೋ ನೋಡಬೇಕು. ಗೊರಸು ಎತ್ತಿ ಮೂಸಬೇಕು, ಕೊಳೆತ ವಾಸನೆ ಬಂದರೆ ಹಿಂದೆ ನೋಡದೆ ಬರಬೇಕು. ಬೆನ್ನ ಮೇಲೆ ಖಾಲಿ ಗೋಣಿ ಹಾಕಿ ಎಷ್ಟು ಬೆದರುತ್ತದೆ ಎಂದು ಕಾಣಬೇಕು. ಇಷ್ಟನ್ನು ಯಾರು ಬೇಕಾದರೂ ಹೇಳಿಯಾರು. ಇನ್ನೊಂದನ್ನು ನೋಡಬೇಕು, ಅದನ್ನು ನಾವು ನೋಡಲಿಲ್ಲ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಮನೆ ತೆಕ್ಕಟ್ಟೆಯಲ್ಲಿ. ನನ್ನ ಗಂಡ ಬ್ರಹ್ಮಾವರದಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನ ಡ್ರೈವರ್. ಅವರ ತಮ್ಮ, ಅಂದರೆ ನನ್ನ ಮೈದುನ, ಅದೇ ಬಸ್ಸಿನ ಕಂಡಕ್ಟರ್. ಅವರು ಬಲಗಡೆ ಸ್ಟಿಯರಿಂಗ್ ಹಿಡಿದು ಮುಖ ಗಂಟು ಹಾಕಿಕೊಂಡು ಕೂತರೆ, ಮೈದುನ ಎಡಗಡೆಯ ಬಾಗಿಲಿಗೆ ಜೋತುಬಿದ್ದು "ಹ್ವಾಯ್, ಬನಿ ಬನಿ, ಬೇಗ ಹತ್ತಿನಿ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಇಬ್ಬರಿಗೂ ಸೇರಿ ನಾನು ಒಂದೇ ಬಾಳೆಎಲೆಯಲ್ಲಿ ಅನ್ನ ಕಟ್ಟಿ ಕೊಡುತ್ತಿದ್ದೆ. ಬಸ್ಸಿನ ಮೆಟ್ಟಿಲ ಮೇಲೆ ಕೂತು ಎಲೆ ಬಿಚ್ಚಿ, ಬಲಬದಿಯದನ್ನು ಅಣ್ಣ, ಎಡಬದಿಯದನ್ನು ತಮ್ಮ ಉಣ್ಣುವುದು. ನಡುವೆ ಒಣಮೀನಿನ ಚಟ್ನಿ. ಚಟ್ನಿಗೆ ಜಗಳ ಮಾಡಿಕೊಂಡು ಬಂದ ದಿನಗಳೂ ಇದ್ದವು.

ಪೆಟ್ರೋಲು ಸಿಗದಂತಾಗಿ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡಿತು, ಆಮೇಲೆ ಅದೂ ನಿಂತಿತು. ಆ ಮಳೆಗಾಲದಲ್ಲಿ ಅಣ್ಣತಮ್ಮ ಇಬ್ಬರೂ ಅಕ್ಕಿ ತರಲು ಕುಂದಾಪುರದ ಹೊಳೆ ದಾಟಿ ತಲ್ಲೂರಿನ ಕಡೆ ಹೋದವರು ವಾಪಸು ಬರುವಾಗ ದೋಣಿ ವಾಲಿತು. ನನ್ನ ಗಂಡನಿಗೆ ಹಗ್ಗ ಸಿಕ್ಕಿತು. ಮೈದುನ ಹೋದ. ಹೊಳೆ ಸಮುದ್ರ ಸೇರುವ ಕೋಡಿಯ ತನಕ ಮೀನುಗಾರರು ಹುಡುಕಿದರು, ಆದರೆ ದೇಹ ಸಿಗಲಿಲ್ಲ.

ದೇಹ ಸಿಗದಿದ್ದುದೇ ನಮ್ಮ ಮನೆಗೆ ಹಿಡಿದ ಗ್ರಹಚಾರ. ಸತ್ತವರಿಗೆ ನಮ್ಮಲ್ಲಿ ಬೊಜ್ಜ ಮಾಡಬೇಕು. ಅವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಕತ್ತಲೆ ಕೋಣೆಯಲ್ಲಿ ಎಲೆ ಹಾಕಿ, ಎಡೆ ಬಡಿಸಿ, ಬಾಗಿಲು ಹಾಕಿಕೊಂಡು ಹೊರಗೆ ಕಾಯಬೇಕು. ಆಗ ಹೋದವರು ಉಂಡು ಹೋಗುತ್ತಾರೆ, ಇದ್ದವರು ಉಳಿಯುತ್ತಾರೆ. ನನ್ನ ಗಂಡ ಅದಕ್ಕೆ ಒಪ್ಪಲಿಲ್ಲ. "ಹೆಣ ಕಾಣ್ದೆ ಬೊಜ್ಜ ಮಾಡುದ್ ಹ್ಯಾಂಗೆ? ಅವ ಸತ್ತಿದ್ದ ಅಂದೇಳಿ ನೀವ್ ಕಂಡಿದ್ರ್ಯಾ?" ಎಂದು ತಾಯಿಯ ಮುಖಕ್ಕೇ ಕೇಳಿದರು. ಆಮೇಲೆ ಮಾತೇ ನಿಂತುಹೋಯಿತು. ಎಲೆಯಲ್ಲಿ ಬಡಿಸಿದ್ದನ್ನು ಅರ್ಧ ಉಂಡು ಏಳುತ್ತಿದ್ದರು. ಹಸಿವಿಲ್ಲ ಎಂದುಕೊಂಡೆ. ಹೆಂಡತಿಯಾಗಿ ನನಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಇದ್ದೊಬ್ಬ ಮನುಷ್ಯ ನನ್ನ ಕಣ್ಣೆದುರೇ ಸವೆಯುತ್ತಿದ್ದರು.

ಹಾಗಾಗಿ ದೀಪಾವಳಿ ಕಳೆದ ಮೇಲೆ ಒಂದು ದಿನ ಅವರಾಗಿಯೇ "ಒಂದ್ ಕುದ್ರಿ ಸಿಕ್ರೆ ಜಟಕಾ ಹೊಡಿಲಕ್ಕಿತ್ತ್" ಎಂದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು. ಎಷ್ಟೋ ತಿಂಗಳಿಗೆ ಅವರು ಬೇಕು ಎಂದು ಹೇಳಿದ ಮೊದಲನೆಯ ವಸ್ತು ಅದು. ನನ್ನ ತವರು ಬೈಂದೂರಿನ ಕಡೆ. ಅಲ್ಲೊಬ್ಬ ಗದ್ದೆಯವನ ಬಳಿ ಪಳಗದ ಗಂಡು ಕುದುರೆಯೊಂದಿದೆ, ಕಡಿಮೆಗೆ ಕೊಡುತ್ತಾನಂತೆ ಎಂದು ನಾನೇ ಸುದ್ದಿ ತರಿಸಿದೆ.

ಕುದುರೆ ಪರೀಕ್ಷೆಗೆ ನನ್ನ ಗಂಡನ ಜೊತೆ ನಮ್ಮ ಮಾವ ಹೊರಟರು. ಸುತ್ತಲಿನ ಊರುಗಳಲ್ಲಿ ಹೋರಿ, ಕೋಣ ಕೊಳ್ಳುವವರು ಅವರನ್ನು ಕೇಳದೆ ಕೊಳ್ಳುತ್ತಿರಲಿಲ್ಲ. ಮಾವ ಪ್ರಾಯದಲ್ಲಿ ಕೆಲವು ಕಾಲ ಬೊಂಬಾಯಿಯ ಹೋಟೆಲಿನಲ್ಲಿ ಇದ್ದವರು. ಹೋಟೆಲಿನ ಎದುರು ಕುದುರೆ ಗಾಡಿಗಳು ನಿಲ್ಲುತ್ತಿದ್ದವಂತೆ, ಅಷ್ಟಕ್ಕೇ ಕುದುರೆಯ ವಿಷಯದಲ್ಲೂ ತಾನು ಪಂಡಿತ ಎಂದುಕೊಂಡಿದ್ದರು. ಒಳ್ಳೆಯ ದಿನ ನೋಡಿ, ಇಂಥ ದಿನ ಬರುತ್ತೇವೆಂದು ಮೊದಲೇ ಹೇಳಿ ಕಳಿಸಿದರು. ಅಲ್ಲಿಗೆ ಮೊದಲ ತಪ್ಪು ಆಯಿತಲ್ಲ.

ನಾನು ತವರಿನಲ್ಲಿದ್ದೆ, ನೋಡಲು ನಾನೂ ಹೋದೆ. ತೊಳೆದ ಕುದುರೆ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿತ್ತು. ಕಂದು ಬಣ್ಣ, ಹಣೆಯ ಮೇಲೆ ಬಿಳಿ. ಮಾವ ಮೊದಲು ಹೋರಿಗೆ ನೋಡುವ ಹಾಗೆ ಸುಳಿ ನೋಡಿದರು. ಹಣೆಯ ಸುಳಿ ಸರಿ, ಎದೆಯ ಸುಳಿ ಸರಿ, ಮನೆ ಮುರಿಯುವ ಸುಳಿ ಎಲ್ಲೂ ಇಲ್ಲ. ಬಾಯಿ ಬಿಡಿಸಿ ಹಲ್ಲು ನೋಡಿದರು. ಗೊರಸು ಮೂಸಿದರು. ಕಾಲಿನ ಗಂಟುಗಳನ್ನು ಹಲಸಿನಕಾಯಿ ಅಮುಕಿದ ಹಾಗೆ ಅಮುಕಿದರು. ಓಡಿಸಿ, ನಿಲ್ಲಿಸಿ, ಎದೆಗೆ ಕಿವಿಯಿಟ್ಟು ಉಸಿರು ಕೇಳಿದರು.

ಕುತ್ತಿಗೆಯ ಎಡಬದಿಯಲ್ಲಿ ಅಂಗೈಯಗಲ ಕೂದಲು ಉದುರಿ ಚರ್ಮ ಗಟ್ಟಿಯಾಗಿತ್ತು. "ಇದೆಂತ?" ಎಂದರು ಮಾವ.

"ಮರಕ್ಕೆ ತಿಕ್ಕಂಡದ್, ಬೇರೆಂತ ಇಲ್ಲೆ" ಎಂದ ಗದ್ದೆಯವ. "ಸಾಧು ಕಾಣಿ. ಮಕ್ಕಳ್ ಬಾಲ ಎಳ್ದ್ರೂ ಎಂತ ಮಾಡುದಿಲ್ಲೆ."

ಮಾವ ಆ ಜಾಗ ಮೂಸಿದರು, ಕಜ್ಜಿಯಲ್ಲ ಎಂದು ಖಾತ್ರಿ ಮಾಡಿಕೊಂಡರು. ಹೋರಿಯಾಗಿದ್ದರೆ ಅವರ ಬಾಯಿಂದ ಮೊದಲು ಬರುವ ಪ್ರಶ್ನೆ ಬೇರೆಯೇ ಇತ್ತು: "ಎಡದ್ದೋ, ಬಲದ್ದೋ?" ಜೋಡಿಯಲ್ಲಿ ಎಡಕ್ಕೆ ಕಟ್ಟಿ ಕಲಿಸಿದ ಹೋರಿ ಬಲಕ್ಕೆ ನಿಲ್ಲುವುದಿಲ್ಲ. ಅದನ್ನು ಕೇಳದೆ ನಮ್ಮ ಕಡೆ ಯಾರೂ ಹೋರಿಯ ಹಗ್ಗ ಹಿಡಿಯುವುದಿಲ್ಲ. ಆದರೆ ಇದು ಕುದುರೆ, ಜಟಕಾಕ್ಕೆ ಒಂದೇ ಸಾಕು. ಎಡ ಯಾವುದು, ಬಲ ಯಾವುದು? ಮಾವ ಕೇಳಲಿಲ್ಲ. ನನ್ನ ಗಂಡ ಕುದುರೆಯ ಕಣ್ಣನ್ನೇ ನೋಡುತ್ತಾ ನಿಂತಿದ್ದವರು "ಆಯ್ತ್" ಎಂದರು, ವ್ಯಾಪಾರ ಮುಗಿಯಿತು.

ವಾಪಸು ಹೊರಟಾಗ ನಾನೂ ಮಾವನೂ ಎತ್ತಿನ ಗಾಡಿಯಲ್ಲಿ, ಅವರು ಕುದುರೆಯ ಹಗ್ಗ ಹಿಡಿದು ನಡೆದು. ತಲ್ಲೂರಿನಲ್ಲಿ ದೋಣಿ ದಾಟುವ ಕಡವಿಗೆ ಬಂದಾಗ ಮಧ್ಯಾಹ್ನದ ಬಿಸಿಲು, ಹೊಳೆ ತಣ್ಣಗೆ ಮಲಗಿತ್ತು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ ನಮ್ಮನ್ನು ದಾಟಿಸಬೇಕು. ಬೈಂದೂರಿಗೆ ಹೋಗುವಾಗ ನನ್ನ ಗಂಡ ಈ ಹೊಳೆಯನ್ನು ಕಣ್ಣು ಮುಚ್ಚಿಕೊಂಡೇ ದಾಟಿದರು ಎಂದು ಮಾವ ಹೇಳಿದ್ದರು. ಕುದುರೆ ಸುಮ್ಮನೆ ಹತ್ತಿತು. ಹತ್ತಿ, ಹಲಗೆಯ ಬಲ ಅಂಚಿಗೆ ಸರಿದು ನಿಂತಿತು, ಇನ್ನೊಂದು ಹೆಜ್ಜೆ ಇಟ್ಟರೆ ನೀರು. ಎಡಕ್ಕೆ ಎಷ್ಟು ಎಳೆದರೂ ಬರಲಿಲ್ಲ. ಜನ ತುಂಬಿದರು. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಅದರ ಎಡಬದಿಯ ಖಾಲಿ ಜಾಗದಲ್ಲಿ ನಿಂತಳು. ಕುದುರೆ ಕಿವಿ ಹಿಂದಕ್ಕೆ ಮಡಚಿ ಅವಳ ತಲೆಯ ಬಟ್ಟೆ ಕಚ್ಚಿ ಎಳೆಯಿತು. ಅವಳು ಬೈಯುತ್ತಾ ಹಿಂದೆ ಬಂದಳು. ಇನ್ನೊಬ್ಬ ನಿಂತ, ಅವನಿಗೂ ಅದೇ. ಅಷ್ಟು ಜನ ಒತ್ತೊತ್ತಾಗಿ ನಿಂತಿದ್ದರೂ ಕುದುರೆಯ ಎಡಗಡೆಯ ಆ ಒಂದು ಜಾಗ ಹೊಳೆ ದಾಟುವ ತನಕ ಖಾಲಿ ಉಳಿಯಿತು.

ಗಾಡಿಯ ಎತ್ತುಗಳನ್ನು ಅಲ್ಲಿಗೆ ಸರಿಸಲು ಕಡವಿನವನು ಹೋದಾಗ ನನ್ನ ಗಂಡ ಬಾಯಿಬಿಟ್ಟರು. ದನಿ ಸಹಜವಾಗಿತ್ತು, ಬಸ್ಸಿನಲ್ಲಿ ಈ ಸೀಟಿಗೆ ಜನ ಇದ್ದಾರೆ ಎಂದು ಹೇಳುವ ಹಾಗೆ.

"ಆ ಜಾಗ ಬಿಡಿ ಮಾರಾಯ್ರೇ. ಅಲ್ ಆಳ್ ಇತ್ತ್."

ಮಾವ ನೀರು ನೋಡಿದರು, ನಾನು ಮಾವನ ಮುಖ ನೋಡಿದೆ.

ಮನೆಗೆ ಬಂದ ಮೇಲೆ ಶುರುವಾಯಿತು. ದನದ ಹಟ್ಟಿಯಲ್ಲಿ ಕುದುರೆ ಬಲಗೋಡೆಗೆ ಮೈ ಒತ್ತಿ ನಿಲ್ಲುತ್ತಿತ್ತು, ಇನ್ನೊಂದು ಕುದುರೆ ಹಿಡಿಯುವಷ್ಟು ಜಾಗ ಎಡಕ್ಕೆ ಬಿಟ್ಟು. ಹುಲ್ಲು ಹಾಕಿದರೆ ಬಲ ಅರ್ಧವನ್ನು ತಿಂದು ನಿಲ್ಲಿಸುತ್ತಿತ್ತು. ನೆನೆಸಿದ ಹುರುಳಿಗೂ ಅದೇ ಲೆಕ್ಕ. ಎಡ ಅರ್ಧ ಬೆಳಿಗ್ಗೆ ಹಾಗೇ ಇರುತ್ತಿತ್ತು, ನಡುವೆ ಕತ್ತಿಯಲ್ಲಿ ಕೊಯ್ದಂಥ ಗೆರೆ. ಹಸಿದು ಪಕ್ಕೆಲುಬು ಕಾಣುತ್ತಿದ್ದರೂ ಆ ಗೆರೆ ದಾಟುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನ ನನ್ನ ಗಂಡ ಉಂಡು ಎದ್ದ ಎಲೆ ತೆಗೆಯಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಅಲ್ಲೂ ಗೆರೆ. ಎಡ ಅರ್ಧ ಮುಟ್ಟಿರಲಿಲ್ಲ. ಇಷ್ಟು ತಿಂಗಳು ನಾನು ಅದನ್ನು ಹಸಿವಿಲ್ಲದಿರುವುದು ಎಂದುಕೊಂಡಿದ್ದೆ.

ಒಂದು ಸಂಜೆ ಅತ್ತೆ ಹಟ್ಟಿಯ ಬಾಗಿಲಿನಿಂದ ನನ್ನನ್ನು ಕೈಸನ್ನೆ ಮಾಡಿ ಕರೆದರು. ಕುದುರೆ ಕುತ್ತಿಗೆ ಎಡಕ್ಕೆ ಚಾಚಿ, ತುಟಿ ಮುಂದೆ ಮಾಡಿ, ಗಾಳಿಯನ್ನು ಮೆಲ್ಲಮೆಲ್ಲಗೆ ಕಚ್ಚುತ್ತಿತ್ತು. ಪ್ರೀತಿಯಿಂದ ಕಚ್ಚುವ ರೀತಿ. ಅಲ್ಲಿ ಏನೂ ಇರಲಿಲ್ಲ.

"ಎತ್ರ ಕಾಣ್" ಎಂದರು ಅತ್ತೆ ಪಿಸುದನಿಯಲ್ಲಿ. "ಅವನ್ ಹೆಗ್ಲ್ ಎತ್ರಕ್ಕೇ ಇತ್ತ್."

ಆಮೇಲೆ ಅತ್ತೆಯನ್ನು ತಡೆಯುವವರು ಯಾರು? ಹೊಳೆಯಲ್ಲಿ ಹೋದ ಮಗ ಬಂದಿದ್ದಾನೆ ಎಂದು ಅವರು ತೀರ್ಮಾನಿಸಿಬಿಟ್ಟರು. ಹಟ್ಟಿಯ ಎಡ ಅರ್ಧವನ್ನು ದಿನಾ ಸೆಗಣಿ ಸಾರಿಸಿದರು. ಅಲ್ಲಿ ಕಾಲಿಡಬಾರದೆಂದು ನಮಗೆಲ್ಲ ಕಟ್ಟಪ್ಪಣೆ. ನನ್ನ ಗಂಡ ಕುದುರೆಯನ್ನು ಪಳಗಿಸಿ ಜಟಕಾ ಹೊಡೆಯತೊಡಗಿದಾಗ ಅದು ರಸ್ತೆಯ ಬಲ ಅಂಚನ್ನೇ ಹಿಡಿದು ನಡೆಯುತ್ತಿತ್ತು. ನಮ್ಮ ಬೇಲಿಯ ದಣಪೆಬಾಗಿಲಿನ ಬಲಕಂಬಕ್ಕೆ ಗಾಡಿ ಉಜ್ಜಿ ಉಜ್ಜಿ ಒಂದು ಗಾಯವೇ ಆಯಿತು. ಅವರೂ ಮುಂದಿನ ಹಲಗೆಯ ಬಲ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದರು. ಎಡಕ್ಕೆ ಯಾರನ್ನೂ ಕೂರಿಸುತ್ತಿರಲಿಲ್ಲ. ಸುದ್ದಿ ಹಬ್ಬದೆ ಇರುತ್ತದೆಯೇ? ಹತ್ತುವವರು ಆ ಖಾಲಿ ಹಲಗೆಗೆ ಕೈ ಮುಗಿದು ಹತ್ತುತ್ತಿದ್ದರು. ಒಬ್ಬರು ಅಲ್ಲಿ ಬೀಡಿ ಇಟ್ಟು ಹೋದರು, ಮೈದುನ ಬೀಡಿಪ್ರಿಯನೆಂದು ನೆನಪಿಟ್ಟು. ಊರಿನವರಿಗೆ ಭಯವೂ ಬೇಕು, ಸವಾರಿಯೂ ಬೇಕು.

ನನಗೆ ಎರಡೂ ಬೇಕಿರಲಿಲ್ಲ, ಗಂಡ ಬೇಕಿತ್ತು. ಅವರು ಈಗ ಮಾತಾಡುತ್ತಿದ್ದರು, ಆದರೆ ನನ್ನ ಜೊತೆಗಲ್ಲ. ದೀಪ ಹಚ್ಚುವ ಹೊತ್ತಿಗೆ ಹಟ್ಟಿಯಲ್ಲಿ ಕೂತು, ಎಡಗಡೆಗೆ ಮುಖ ಮಾಡಿ, ಆ ದಿನ ಯಾರು ಹತ್ತಿದರು, ಯಾರು ಇಳಿದರು ಎಂದು ಹೇಳುವುದು. ನಡುವೆ ಸುಮ್ಮನಾಗಿ ಕೇಳಿಸಿಕೊಳ್ಳುವುದು. ಆಮೇಲೆ ನಗುವುದು. ಅವರು ಸುಮ್ಮನಾದ ಹೊತ್ತಿನಲ್ಲಿ ಕುದುರೆಯ ಎಡಗಿವಿ ಮಾತ್ರ ಆ ಖಾಲಿಯ ಕಡೆ ತಿರುಗಿ ನಿಲ್ಲುತ್ತಿತ್ತು, ಅಲ್ಲಿಂದ ಯಾರೋ ಉತ್ತರ ಹೇಳುತ್ತಿರುವ ಹಾಗೆ. ಒಂದು ದಿನ ನನಗೆ ತಡೆಯಲಾಗಲಿಲ್ಲ. ಸೀದಾ ಹೋಗಿ ಆ ಸಾರಿಸಿದ ಜಾಗದಲ್ಲಿ ನಿಂತೆ. ಕುದುರೆ ಕೂಗಿದ್ದು ಇಂದಿಗೂ ಕಿವಿಯಲ್ಲಿದೆ. ಗಂಡ ನನ್ನ ರಟ್ಟೆ ಹಿಡಿದು ಎಳೆದು ಹಾಕಿದರು. ಮದುವೆಯಾದಂದಿನಿಂದ ಅವರು ನನ್ನ ಮೇಲೆ ಕೈ ಬಿಗಿ ಮಾಡಿದ್ದು ಅದೊಂದೇ ಸಲ.

"ಅಲ್ ನಿಲ್ಬೇಡ. ಅವಂಗೆ ಜಾಗ ಸಾಕಾತಿಲ್ಲೆ."

ಆ ವಾರವೇ ಕಡವಿನವನು ಮಾವನ ಬಳಿ ಬಂದು ಹೇಳಿಹೋದ. ಸವಾರಿ ಇಲ್ಲದ ಹೊತ್ತಿನಲ್ಲಿ ನಿಮ್ಮ ಮಗ ಕುದುರೆಯನ್ನು ಹೊಳೆಗೆ ತರುತ್ತಾರೆ, ನಿನ್ನೆ ಎದೆಮಟ್ಟ ನೀರಿಗೆ ಇಳಿದಿದ್ದರು, ಕರೆದರೆ ತಿರುಗಿ ನೋಡಲಿಲ್ಲ ಎಂದ. ಮಾವ ಹಣೆ ಹಿಡಿದು ಕೂತರು. ಮುಂದಿನ ಸಲ ಎಷ್ಟು ಆಳಕ್ಕೆ ಹೋಗುತ್ತಾರೆಂದು ನಾನು ಯೋಚಿಸಿದೆ, ಯೋಚಿಸಿ ಹೆದರಿ ಸತ್ತೆ.

ಮರುದಿನವೇ ತವರಿಗೆ ಹೋಗುತ್ತೇನೆಂದು ಹೊರಟೆ. ನಿಜಕ್ಕೂ ಹೊರಟದ್ದು ಆ ಗದ್ದೆಯವನ ಮನೆಗೆ. ಎಂಥ ಪೀಡೆಯನ್ನು ನಮ್ಮ ತಲೆಗೆ ಕಟ್ಟಿದ್ದಾನೆ ಎಂದು ಕೇಳಿ, ಬಾಯಿ ತುಂಬ ಬೈದು, ಕುದುರೆಯನ್ನು ಅವನಿಗೇ ವಾಪಸು ದಾಟಿಸಬೇಕೆಂದು ದಾರಿಯುದ್ದಕ್ಕೂ ಬೈಗಳನ್ನು ಜೋಡಿಸಿಕೊಂಡೆ. ಅಂಗಳಕ್ಕೆ ಕಾಲಿಟ್ಟವಳಿಗೆ ಒಂದೂ ನೆನಪಾಗಲಿಲ್ಲ. ನಮ್ಮ ಕುದುರೆ ಅಲ್ಲಿ ನಿಂತಿತ್ತು. ಅದೇ ಕಂದು, ಹಣೆಯ ಮೇಲೆ ಅದೇ ಬಿಳಿ. ಬೆಳಿಗ್ಗೆ ತೆಕ್ಕಟ್ಟೆಯ ಹಟ್ಟಿಯಲ್ಲಿ ಬಿಟ್ಟು ಬಂದದ್ದು ನನಗಿಂತ ಮೊದಲು ಹೊಳೆ ದಾಟಿ ಬಂದಿದೆ ಎಂದೇ ಅನ್ನಿಸಿ, ಜಗಲಿಯ ಕಂಬ ಹಿಡಿದುಕೊಂಡೆ.

ಆಮೇಲೆ ಕಂಡಿತು. ಇದು ಎಡಗಡೆಗೆ ಒತ್ತಿ ನಿಂತಿತ್ತು. ಎದುರಿನ ಹುಲ್ಲಿನಲ್ಲಿ ಎಡ ಅರ್ಧ ಮುಗಿದಿತ್ತು, ಬಲ ಅರ್ಧ ಹಾಗೇ ಇತ್ತು. ಕುತ್ತಿಗೆಯ ಬಲಬದಿಯಲ್ಲಿ ಅಂಗೈಯಗಲ ಕೂದಲು ಉದುರಿತ್ತು.

ಗದ್ದೆಯವ ಹೊರಗೆ ಬಂದು ನನ್ನನ್ನು ನೋಡಿ ನೆಲ ನೋಡಿದ. ಕೇಳಿದ್ದಕ್ಕೆಲ್ಲ ಹೇಳಿದ. "ಎರಡ್ ಮರಿ, ಬೇರೆ ಬೇರೆ ತಾಯಿದ್, ಒಂದೇ ಮಳಿಗಾಲ್ದಗೆ ಹುಟ್ಟಿದ್. ನಾ ಹೋರಿ ಪಳಗ್ಸಿದ ಆಳ್, ಕುದ್ರಿ ನಂಗ್ ಗೊತ್ತಿಲ್ಲೆ. ಹೋರಿ ಮರಿಗ್ ಮಾಡ್ದಂಗೇ ಎರಡ್ರ್ ಕುತ್ಗಿಗೂ ಒಂದೇ ಕೋಲ್ ಕಟ್ಟಿ ಬೆಳ್ಸಿದೆ. ತಿಂಬುದೂ ಒಟ್ಟಿಗೆ, ಮಲ್ಗುದೂ ಒಟ್ಟಿಗೆ. ಇದ್ ಎಡದ್, ನಿಮ್ದ್ ಬಲದ್. ಎರಡಕ್ಕೂ ಹುಲ್ಲ್ ಹಾಕುಕಾಯ್ಲಿಲ್ಲೆ, ಅದ್ಕೆ ಒಂದನ್ ಕೊಟ್ಟೆ. ನೀವ್ ಬಪ್ಪತಿಗೆ ಇದನ್ ತಂಗಿ ಮನೆಗೆ ಕಳ್ಸಿದ್ದೆ, ಕೂಗ್ತಿತ್ತ್ ಅಂದೇಳಿ."

"ಅವತ್ತೇ ಎಂತಕ್ಕೆ ಹೇಳ್ಲಿಲ್ಲ?"

"ನಿಮ್ ಮಾವ ಕೇಳ್ಲಿಲ್ಲೆ. ಹೋರಿ ಆರೆ ಕೇಳ್ತಿದ್ರ್."

ನಾನು ನಕ್ಕೆ. ಅಂಗಳದಲ್ಲೇ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ದೆವ್ವವೂ ಇಲ್ಲ, ಪೀಡೆಯೂ ಇಲ್ಲ. ಕುದುರೆಯನ್ನು ಹೋರಿಯ ಹಾಗೆ ಬೆಳೆಸಿದವನೊಬ್ಬ, ಹೋರಿಯ ಹಾಗೆ ಸುಳಿ ನೋಡಿ ಹೋರಿಯ ಪ್ರಶ್ನೆಯೊಂದನ್ನೇ ಬಿಟ್ಟವರೊಬ್ಬರು. ಅಷ್ಟೇ. ಈಗಲೇ ಓಡಿಹೋಗಿ ಗಂಡನಿಗೆ ಹೇಳಬೇಕು: ನೀವು ದಿನಾ ಮಾತಾಡಿಸುವ ಆ ಎಡಬದಿಯದ್ದು ಸತ್ತವರಲ್ಲ, ಅದು ಜೀವಂತ ಇದೆ.

ಈ ವಾಕ್ಯ ಮನಸ್ಸಿನಲ್ಲಿ ಪೂರ್ತಿಯಾದಾಗ ನನ್ನ ನಗು ನಿಂತಿತು. ದೇಹ ಸಿಗದ ತಮ್ಮನನ್ನು ಕಾಯುತ್ತಿರುವವನಿಗೆ ಈ ಮಾತನ್ನು ಹೇಗೆ ಹೇಳುವುದು? ಹೇಳದೆ ಮುಚ್ಚಿಟ್ಟರೆ ಅವರು ಹೊಳೆಗೆ ಇಳಿಯುತ್ತಲೇ ಇರುತ್ತಾರೆ. ವಾಪಸು ಬರುವಾಗ ಜಂಗಲಿನ ಮೇಲೆ ನಿಂತು ಎರಡನ್ನೂ ತೂಗಿದೆ. ಹೇಳುವುದೇ ಸೈ ಎಂದುಕೊಂಡೆ, ಸುಳ್ಳನ್ನು ಕಟ್ಟಿಕೊಂಡು ಸಂಸಾರ ಮಾಡುವ ತಾಳ್ಮೆ ನನಗಿಲ್ಲ.

ಜಗಲಿಯಲ್ಲಿ ಎಲ್ಲರೂ ಇದ್ದಾಗ ಹೇಳಿದೆ. ಮಾವ ತಲೆ ಚಚ್ಚಿಕೊಂಡರು. ನನ್ನ ಗಂಡ ಎದ್ದು ನಿಂತರು.

"ನೀ ಕಣ್ಣಾರೆ ಕಂಡ್ಯಾ?"

"ಕಂಡೆ."

"ಬದ್ಕಿತ್ತಾ?"

"ಬದ್ಕಿತ್ತ್. ಹುಲ್ಲ್ ತಿಂತಿತ್ತ್."

ಅವರ ಮುಖ ಬೆಳಗಿತು. ಅಂಥ ಬೆಳಕನ್ನು ಆ ಮುಖದಲ್ಲಿ ನಾನು ಮದುವೆಯ ದಿನವೂ ಕಂಡಿರಲಿಲ್ಲ. ಆ ಮನೆಯಲ್ಲಿ ನಡೆದ ಎಲ್ಲಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಆ ಬೆಳಕೇ. "ನಾಳೆ ಹೋಪ" ಎಂದರು. ಅತ್ತೆ ಒಳಗೆ ಹೋಗಿ ಪೆಟ್ಟಿಗೆ ತೆಗೆದರು. ಮೈದುನನ ಅಂಗಿ ತಂದು, ಕೊಡವಿ, ಮಡಚಿ, ಮಗನ ಚೀಲದಲ್ಲಿಟ್ಟರು.

"ಅವ ವಾಪಸ್ ಬಪ್ಪತಿಗೆ ಹಾಕಂಬುಕೆ ಬೇಕಲೆ" ಎಂದರು.

ಚೀಲದ ಬಾಯಿ ಕಟ್ಟಿಕೊಟ್ಟವಳು ನಾನೇ.

ಬೆಳಿಗ್ಗೆ ಹೊರಟೆವು, ಮಾವನೂ ನಾನೂ ಹಿಂದಿನ ಸಲದ ಹಾಗೇ ಗಾಡಿಯಲ್ಲಿ. ಬೈಂದೂರು ಹತ್ತಿರವಾದಂತೆ ಕುದುರೆಯ ನಡಿಗೆ ಬದಲಾಯಿತು. ಆ ಮನೆಯ ಗದ್ದೆ ಇನ್ನೂ ದೂರ ಇರುವಾಗಲೇ ಅದು ತಲೆಯೆತ್ತಿ ಕೆನೆಯಿತು. ಮನೆಯ ಕಡೆಯಿಂದ ಅದೇ ದನಿ ತಿರುಗಿ ಬಂತು. ಪ್ರತಿಧ್ವನಿ ಇರಬೇಕು ಎಂದರು ಮಾವ. ಪ್ರತಿಧ್ವನಿ ಮತ್ತೆ ಮತ್ತೆ ಕೂಗಿತು. ಹಗ್ಗ ನನ್ನ ಗಂಡನ ಕೈಯಿಂದ ಕಿತ್ತುಹೋಯಿತು.

ನಾವು ಅಂಗಳ ತಲುಪಿದಾಗ ಎರಡೂ ಮೈಗೆ ಮೈ ತಾಗಿಸಿ ನಿಂತಿದ್ದವು, ನಮ್ಮದು ಬಲಕ್ಕೆ, ಅದು ಎಡಕ್ಕೆ. ನಮ್ಮ ಕುದುರೆ ಕುತ್ತಿಗೆ ಚಾಚಿ ಮೆಲ್ಲಗೆ ಕಚ್ಚುತ್ತಿತ್ತು. ಈ ಸಲ ಅದರ ಹಲ್ಲಿಗೆ ಗಾಳಿಯ ಬದಲು ಕೂದಲು ಸಿಕ್ಕಿತ್ತು. ಗದ್ದೆಯವ ಒಂದು ಹೊರೆ ಹುಲ್ಲು ತಂದು ಹಾಕಿದ. ಗೆರೆ ಉಳಿಯಲಿಲ್ಲ, ನೆಲ ಕಾಣುವ ತನಕ ತಿಂದವು.

ನನ್ನ ಗಂಡ ಚೀಲ ಹಿಡಿದುಕೊಂಡು ಅವುಗಳ ಸುತ್ತ ಬಂದರು. ಎಡದ್ದರ ಎಡಗಡೆ ನೋಡಿದರು. ಬಲದ್ದರ ಬಲಗಡೆ ನೋಡಿದರು. ಎರಡರ ನಡುವೆ ಕೈ ತೂರಿಸಿದರು, ಕೈ ಹೋಗಲಿಲ್ಲ. ಯಾರಿಗೂ ಅಲ್ಲಿ ಜಾಗ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಇವಕ್ಕೆ ಸಿಕ್ತ್" ಎಂದರು. ಆಮೇಲೆ ಎಡಗೈಯನ್ನು ಬಿಡಿಸಿ ನೋಡಿಕೊಂಡು ಅಂದರು: "ಬಲ್ಗೈಗೆ ಹಗ್ಗ ಸಿಕ್ಕಿತ್ತ್. ಅವ ಈ ಕೈ ಹಿಡ್ದಿದ್ದ. ಜಾರ್ತ್. ಮತ್ ಸಿಕ್ಲಿಲ್ಲೆ ಅಪ್ಪಯ್ಯ. ಮತ್ ಸಿಕ್ಕುದೂ ಇಲ್ಲೆ."

ಆಗ ಅತ್ತರು. ಮಾವನೂ ಅತ್ತರು. ನನಗೆ ಅಳು ಬರಲಿಲ್ಲ, ದೇವರೇ, ಕಡೆಗೂ ನನ್ನ ಗಂಡ ವಾಪಸು ಬಂದರಲ್ಲ ಎಂದು ಮಾತ್ರ ಅನ್ನಿಸಿತು.

ಕುದುರೆಯನ್ನು ಅಲ್ಲೇ ಬಿಟ್ಟೆವು. ಅದನ್ನು ಮತ್ತೆ ಬೇರೆ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಬೊಜ್ಜಕ್ಕೆ ದಿನ ನೋಡಿ ಎಂದು ದಾರಿಯಲ್ಲಿ ಅವರೇ ಮಾವನಿಗೆ ಹೇಳಿದರು.

ಬೊಜ್ಜದ ಸಂಜೆ ಒಳಗಿನ ಕೋಣೆಯಲ್ಲಿ ಎಲೆ ಹಾಕಿದವರೂ ಅವರೇ. ಅನ್ನ, ಮೀನಿನ ಗಸಿ, ನಡುವೆ ಒಣಮೀನಿನ ಚಟ್ನಿ, ಪಕ್ಕದಲ್ಲಿ ಬೀಡಿ, ಎಲೆಯ ಎದುರು ಆ ಅಂಗಿ. ಬಾಗಿಲು ಹಾಕಿ ಜಗಲಿಯಲ್ಲಿ ಕೂತೆವು. ಒಳಗೆ ಸದ್ದಿರಲಿಲ್ಲ. ನಮ್ಮ ಮನೆಯಲ್ಲಿ ಅವನಿಗಾಗಿ ಕಾಯುವುದು ನಿಂತ ಮೊದಲ ಸಂಜೆ ಅದು. ಮಾವ ಕೆಮ್ಮಿ, ಬಾಗಿಲು ತಟ್ಟಿ, ತೆರೆದರು. ನಾನು ದೀಪ ಹಿಡಿದಿದ್ದೆ.

ಎಲೆಯ ಎಡ ಅರ್ಧ ಖಾಲಿಯಾಗಿತ್ತು. ಬಲ ಅರ್ಧ ಬಡಿಸಿದ ಹಾಗೇ ಇತ್ತು. ಚಟ್ನಿಯಲ್ಲಿ ಸರಿಯಾಗಿ ಅರ್ಧ ಹೋಗಿತ್ತು.

ಬೆಕ್ಕು ಎಂದೆ ನಾನು. ಇಂದಿಗೂ ಕೇಳಿದವರಿಗೆ ಬೆಕ್ಕು ಎಂದೇ ಹೇಳುತ್ತೇನೆ. ಆದರೆ ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ನಾವು ಕೂತದ್ದು ಅದರ ಎದುರಿಗೆ. ಮೀನು ಬಿಟ್ಟು ಹೋಗುವ ಬೆಕ್ಕನ್ನೂ ನಾನು ಕಂಡಿಲ್ಲ. ಅತ್ತೆ "ಉಂಡ" ಎಂದು ಒಂದೇ ಮಾತು ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನನ್ನ ಗಂಡ ಆ ಎಲೆಯ ಮುಂದೆ ಕೂತು, ಅವಸರ ಮಾಡದೆ, ಬಲ ಅರ್ಧವನ್ನು ಉಂಡರು.

ಮರುದಿನ ಮಧ್ಯಾಹ್ನ ಎಂದಿನಂತೆ ಬಡಿಸಿ ಒಳಗೆ ಹೋದೆ. ಕರೆದರು. ಬಂದು ನೋಡಿದರೆ ಎಲೆ ಪೂರ್ತಿ ಖಾಲಿ.

"ಇನ್ನೊಂಚೂರ್ ಹಾಕ್" ಎಂದರು, ಎಲೆಯ ಎಡಬದಿಯನ್ನು ತೋರಿಸಿ.

ಅಲ್ಲಿಗೇ ಹಾಕಿದೆ. ಒಂದಿಷ್ಟು ಅನ್ನ ಎಲೆಯಾಚೆ ಬಿತ್ತು. ಅದನ್ನೂ ಎತ್ತಿ ಎಲೆಗೆ ಹಾಕಿಕೊಂಡು ಉಂಡರು.